ಸಿತಾರಾದಲ್ಲಿ ನಾಯಕ, ಸಹಾರಾದಲ್ಲಿ ನಾವು!

ರಾಮೋಜಿ ಫಿಲ್ಮ್ ಸಿಟಿ ಒಳಗೇ ಒಂದು ರಾತ್ರಿ ಮಲಗಿ ಎದ್ದು ಬಂದೆ ಅಂದರೆ ನಮ್ಮ ಗೆಳೆಯರ ಗುಂಪಿನಲ್ಲಿ ಯಾರೂ ನಂಬೋದಿಲ್ಲ. "ಒಳಗಿನ ಹೋಟೆಲೆಲ್ಲ ಹೀರೋಗಳಿಗೆ ಕಣಯ್ಯಾ, ನಮ್ಮಂಥೋರಿಗೆ ಗೇಟಿನ ತನಕ" ಅಂತಾರೆ. ಅಲ್ಲ ಸ್ವಾಮಿ! ದುಡ್ಡಿದ್ದೋರಿಗೊಂದು, ಅಷ್ಟಿಲ್ಲದೋರಿಗೊಂದು, ಏನೂ ಇಲ್ಲದೋರಿಗೂ ಒಂದು ಅಂತ ಅಲ್ಲಿ ಹೋಟೆಲು ಕಟ್ಟಿದ್ದಾರೆ. ಹೆಸರು ಕೇಳಿದರೇ ಗೊತ್ತಾಗುತ್ತೆ. ಮೇಲ್ದರ್ಜೆಯದು ಸಿತಾರಾ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ತಾರಾ. ಎರಡಕ್ಕೂ ಅರ್ಥ ನಕ್ಷತ್ರ ಅಂತಲೇ. ಬಿಲ್ಲಿನಲ್ಲಿ ಮಾತ್ರ ವ್ಯತ್ಯಾಸ. ಆಮೇಲೆ ಶಾಂತಿನಿಕೇತನ, ವಸುಂಧರಾ ವಿಲ್ಲಾ. ಕಡೆಗೆ ಸಹಾರಾ. ಸಹಾರಾ ಅಂದರೆ ಆಸರೆ. ಟೈಟಲ್ ಕಾರ್ಡಿನ ಕ್ರಮವೇ ನೋಡಿ: ಮೊದಲು ನಾಯಕ ನಟ, ನಂತರ ಎರಡನೇ ನಾಯಕ, ಕೊನೆಯಲ್ಲಿ ಪೋಷಕ ಪಾತ್ರವರ್ಗ. ನಾನು ಯಾವುದರಲ್ಲಿ ಉಳಿದೆ ಅಂತ ಬೇರೆ ಹೇಳಬೇಕೇ?

ಸಾಲಾಗಿ ಮಂಚ, ತಲೆದಿಂಬು, ಹೊದಿಕೆ. ಗುಂಪಾಗಿ ಬರೋರಿಗೆಂದೇ ಮಾಡಿದ ಏರ್ಪಾಡು. ಅಕ್ಕಪಕ್ಕದ ಮಂಚಗಳಲ್ಲಿ ಬೀದರ್ ಕಡೆಯ ಹುಡುಗರು. ರಾತ್ರಿ ಹನ್ನೊಂದರ ತನಕ ಯಶ್ ದೊಡ್ಡೋರೋ ಪ್ರಭಾಸ್ ದೊಡ್ಡೋರೋ ಅಂತ ಜಗಳ. ನಿದ್ದೆ ಬರಲಿಲ್ಲ, ಆದರೆ ಬೇಜಾರೂ ಆಗಲಿಲ್ಲ.

ಜೇಬಿನ ಲೆಕ್ಕ ಮೊದಲು ಮುಗಿಸಿಬಿಡೋಣ. ಬರೀ ಪ್ರವೇಶದ ಟಿಕೆಟ್ಟೇ ಈಗ ಸಾವಿರ ರೂಪಾಯಿ ದಾಟಿದೆ. ಆದ್ದರಿಂದ ಮಲಗೋ ಜಾಗ, ಪ್ರವೇಶ ಎರಡೂ ಸೇರಿದ ಪ್ಯಾಕೇಜು ಕೇಳಿ. ಊಟ ತಿಂಡಿ ಸೇರಿದೆಯೋ ಇಲ್ಲವೋ ಅನ್ನೋದನ್ನ ದುಡ್ಡು ಕಟ್ಟೋ ಮುಂಚೆ ಕೇಳಿ, ಕಟ್ಟಿದ ಮೇಲಲ್ಲ. ನಾಲ್ಕು ಜನ ಸೇರಿ ಹೋದರೆ ಇನ್ನೂ ಮೇಲು. ಹೈದರಾಬಾದಿನಲ್ಲಿ ಇಳಿದ ಮೇಲೆ ಆಟೋದವರ ಮಾತಿಗೆ ಬೀಳಬೇಡಿ. ಮೆಟ್ರೋದಲ್ಲಿ ಎಲ್.ಬಿ. ನಗರಕ್ಕೆ ಬನ್ನಿ, ಅಲ್ಲಿಂದ ಹಯಾತ್‌ನಗರದ ಮೇಲೆ ವಿಜಯವಾಡ ಹೆದ್ದಾರಿಗೆ ಹೋಗೋ ಬಸ್ಸು ಹಿಡೀರಿ. ಗೇಟಿನಿಂದ ಒಳಗೆ ಇನ್ನೂ ಕಿಲೋಮೀಟರುಗಟ್ಟಲೆ ದಾರಿ; ಅವರದ್ದೇ ಬಸ್ಸು ಕರಕೊಂಡು ಹೋಗುತ್ತೆ.

ಎಷ್ಟು ದೊಡ್ಡದು ಅಂತೀರಾ? 1666 ಎಕರೆ. ಪ್ರಪಂಚದಲ್ಲೇ ದೊಡ್ಡ ಸ್ಟುಡಿಯೋ ಅಂತ ಗಿನ್ನೆಸ್ ಪುಸ್ತಕಕ್ಕೆ ಸೇರಿದ ಜಾಗ. 'ಈನಾಡು' ಪತ್ರಿಕೆಯ ರಾಮೋಜಿ ರಾವ್ 1996ರಲ್ಲಿ ಇದನ್ನು ಕಟ್ಟಿದರು. 2024ರ ಜೂನ್ 8ರಂದು ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದೂ ಈ ಆವರಣದಲ್ಲೇ. ನಮಗೂ ಅವರು ಹೊಸಬರಲ್ಲ. 2000ದಲ್ಲಿ ಕನ್ನಡ ಮನೆಗಳಿಗೆ ಈಟಿವಿ ತಂದವರು ಅವರೇ. ವಿಜಯ ರಾಘವೇಂದ್ರ, ರಾಧಿಕಾ ಜೋಡಿಯ 'ನಿನಗಾಗಿ' (2002) ಚಿತ್ರದ ನಿರ್ಮಾಪಕರೂ ಅವರೇ.

ಕೆಂಪು ಬಸ್ಸಿನಲ್ಲಿ ಕೂರಿಸಿ ಸುತ್ತಾಡಿಸುತ್ತಾರೆ. ಹವಾ ಮಹಲ್, ಮೊಘಲ್ ತೋಟ, ಪರದೇಶದ ಬೀದಿ, ಜೈಲು. ರೈಲ್ವೆ ಸ್ಟೇಷನ್ ಒಂದಿದೆ. ಬೋರ್ಡು ಬದಲಾಯಿಸಿದರೆ ಊರೇ ಬದಲಾಗುತ್ತೆ. ಒಂದೇ ಕಟ್ಟಡಕ್ಕೆ ಈ ಕಡೆಯಿಂದ ನೋಡಿದರೆ ವಿಮಾನ ನಿಲ್ದಾಣ, ಆ ಪಕ್ಕದಿಂದ ಆಸ್ಪತ್ರೆ! ನಾಯಕಿ ಫಾರಿನ್‌ಗೆ ಹಾರೋದು, ನಾಯಕನ ತಾಯಿ ಕಣ್ಣು ಮುಚ್ಚೋದು ಎರಡೂ ಒಂದೇ ಗೋಡೆಯ ಆಚೆ ಈಚೆ. ವೈಲ್ಡ್ ವೆಸ್ಟ್ ಸಾಹಸ ಪ್ರದರ್ಶನದಲ್ಲಿ ಜನ ಶಿಳ್ಳೆ ಹೊಡೀತಾರೆ. 'ಬಾಹುಬಲಿ'ಯ ಮಾಹಿಷ್ಮತಿ ಸೆಟ್ಟಿನ ಮುಂದೆ ಫೋಟೋ ತೆಗೆಸಿಕೊಳ್ಳದೆ ಬಂದವರನ್ನು ನಾನಂತೂ ಕಾಣಲಿಲ್ಲ. ಗುದ್ದಿ ನೋಡಿದರೆ ಕಲ್ಲಲ್ಲ, ಟೊಳ್ಳು ಸದ್ದು. ಅದಕ್ಕೆ ಮುಖ ಸಿಂಡರಿಸೋರಿಗೆ ನಾನು ಹೇಳೋದು ಇಷ್ಟೇ: ತೆರೆಯ ಮೇಲೆ ನಿಮ್ಮ ಕಣ್ಣಲ್ಲಿ ನೀರು ಬಂದಿತ್ತೋ ಇಲ್ಲವೋ?

ನಮ್ಮ 'ಕುರುಕ್ಷೇತ್ರ' ನೆನಪಿದೆಯಲ್ಲ! 2017ರಲ್ಲಿ ಮುನಿರತ್ನ ಅವರು ಸೆಟ್ ಹಾಕಿ ಚಿತ್ರೀಕರಣ ಶುರುಮಾಡಿದ್ದು ಈ ಆವರಣದಲ್ಲೇ. ದರ್ಶನ್ ದುರ್ಯೋಧನ, ಅರ್ಜುನ್ ಸರ್ಜಾ ಕರ್ಣ, ರವಿಚಂದ್ರನ್ ಕೃಷ್ಣ. ಭೀಷ್ಮನಾಗಿ ಅಂಬರೀಶ್. 2019ರ ಆಗಸ್ಟ್‌ನಲ್ಲಿ ಚಿತ್ರ ತೆರೆಗೆ ಬರೋ ಹೊತ್ತಿಗೆ ಅಂಬರೀಶಣ್ಣ ನಮ್ಮನ್ನು ಬಿಟ್ಟು ಎಂಟು ತಿಂಗಳಾಗಿತ್ತು. ಸಂಜೆ ಟೂರಿಸ್ಟ್ ಬಸ್ಸುಗಳೆಲ್ಲ ಹೊರಟುಹೋದ ಮೇಲೆ ಹೋಟೆಲಿನ ಹೊರಗೆ ನಿಂತು ಆ ಬೋಳುಗುಡ್ಡಗಳ ಕಡೆ ನೋಡಿದೆ. ಈ ಬಿಸಿಲಿನಲ್ಲಿ ಬಿಳಿ ಗಡ್ಡ, ಕವಚ ಹೊತ್ತು ನಿಂತಿದ್ದರಲ್ಲ ಅನ್ನಿಸಿತು. ಬೆಳಗ್ಗೆ ಬಂದು ಸಂಜೆ ಹೋಗೋರಿಗೆ ಈ ಹೊತ್ತು ಸಿಗೋದಿಲ್ಲ. ಅಗ್ಗದ ಮಂಚಕ್ಕೆ ಕೊಟ್ಟ ದುಡ್ಡು ನನಗೆ ವಸೂಲಾದದ್ದು ಇಲ್ಲಿ.

ಆದರೆ ನನ್ನ ಜೊತೆ ಬಂದವನ ಲೆಕ್ಕವೇ ಬೇರೆ ಇತ್ತು.

ಅವನು ದಾವಣಗೆರೆಯವನು, ಟೈಲರು. ಶಾಲೆ ಯೂನಿಫಾರಂ ಹೊಲಿಯೋ ಅಂಗಡಿ. ಬೆರಳಿನ ಉಂಗುರ ಗಿರವಿ ಇಟ್ಟು ಬಂದಿದ್ದ. ಬ್ಯಾಗಿನಲ್ಲಿ ಹನ್ನೆರಡು ಫೋಟೋ: ಒಂದು ಅಳು, ಒಂದು ನಗು, ಮೂರು ಫೈಟು, ಉಳಿದದ್ದು ಪೌರಾಣಿಕ. "ಲೇ, ಗೇಟಿನ ಹೊರಗೆ ನಿಂತ್ರೆ ನಮ್ಮನ್ನ ಯಾರ್ ನೋಡ್ತಾರೆ? ಒಳಗೇ ಮಲಗಿದ್ರೆ ತಿಂಡಿಗೆ ಬರೋ ಡೈರೆಕ್ಟರು ಎದುರಿಗೇ ಸಿಕ್ತಾರೆ" ಅನ್ನೋದು ಅವನ ಪ್ಲಾನು. ಓದುಗ ಮಿತ್ರರೇ, ನಗಬೇಡಿ. ಈ ಪತ್ರಿಕೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಓದುತ್ತಿರೋ ನಿಮ್ಮಲ್ಲಿ ಎಷ್ಟು ಜನರ ಬ್ಯಾಗಿನಲ್ಲಿ ಇಂಥ ಫೋಟೋ ಇದೆಯೋ ನನಗೆ ಗೊತ್ತು.

ಎರಡು ದಿನದಲ್ಲಿ ಅವನಿಗೆ ಕಂಡದ್ದು ನೂರಾರು ಟೂರಿಸ್ಟರು. ಒಬ್ಬ ಡೈರೆಕ್ಟರೂ ಇಲ್ಲ. ಕೆಲಸ ನಡೆಯೋ ಕಡೆ ಹೊರಗಿನವರನ್ನು ಬಿಡೋದಿಲ್ಲ, ಅದು ನ್ಯಾಯವೇ. ದೂರದಲ್ಲಿ ಒಂದು ಕ್ರೇನು, ನಾಲ್ಕು ಜನರೇಟರ್ ಗಾಡಿ ಕಂಡವು. ಅಷ್ಟೇ ಶೂಟಿಂಗು.

ಎರಡನೇ ದಿನ ಸಂಜೆ ಹೊರಗೆ ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ಒಬ್ಬ ಹಿರಿಯರು ಸಿಕ್ಕರು. ಕೈಗೆಲ್ಲ ಪೇಂಟು. ನಮ್ಮ ಕನ್ನಡ ಕೇಳಿ ಅವರೇ ಮಾತಾಡಿಸಿದರು. ಬಳ್ಳಾರಿ ಕಡೆಯವರು, ಇಪ್ಪತ್ತು ವರ್ಷದಿಂದ ಸೆಟ್ಟುಗಳಿಗೆ ಬಣ್ಣ ಹೊಡೀತಾರೆ. ಪ್ಲೈವುಡ್ಡಿಗೆ ಕಲ್ಲಿನ ಬಣ್ಣ, ಪ್ಲಾಸ್ಟರಿಗೆ ಚಿನ್ನದ ಬಣ್ಣ. ನನ್ನ ಗೆಳೆಯ ತಡಮಾಡದೆ ಫೋಟೋ ತೆಗೆದ.

"ಫೋಟೋ ಚಲೋ ಅದಾವ ತಮ್ಮಾ. ಆದ್ರ ಇವನ್ನ ನೋಡೋರು ಇಲ್ಲಿ ಇರಂಗಿಲ್ಲ" ಅಂದರು. "ತೆಲುಗಿನೋರು ಫಿಲ್ಮ್‌ನಗರದ ಆಫೀಸಿನಾಗ ಆರಿಸ್ತಾರ, ನಿಮ್ಮೋರು ಗಾಂಧಿನಗರದಾಗ. ಯೂನಿಟ್ ಇಲ್ಲಿಗೆ ಬರೂದ್ರಾಗ ಎಲ್ಲ ಮುಗದಿರ್ತದ."

"ಗುಂಪಿನಲ್ಲಿ ನಿಲ್ಲೋಕಾದ್ರೂ ಆಗಲ್ವಾ ಅಣ್ಣಾ?"

"ಅದಕ್ಕೂ ಏಜೆಂಟ್ರು ಅದಾರ, ಯೂನಿಯನ್ ಕಾರ್ಡ್ ಐತಿ. ಬಸ್ಸಿನಾಗ ಕರಕೊಂಡು ಬರ್ತಾರ, ಬಸ್ಸಿನಾಗ ಒಯ್ತಾರ."

ಇದಕ್ಕಿಂತ ಖಂಡಿತವಾಗಿ ಈ ಮಾತನ್ನು ಯಾರೂ ನಮಗೆ ಹೇಳಿರಲಿಲ್ಲ. ಫಿಲ್ಮ್ ಸಿಟಿ ಅನ್ನೋದು ಅಕ್ಕಿ ಗಿರಣಿ ಇದ್ದ ಹಾಗೆ; ಭತ್ತ ಎಲ್ಲೋ ಬೆಳೆದು, ಯಾರೋ ಕೊಂಡು, ಆಮೇಲೆ ಅಲ್ಲಿಗೆ ಬರುತ್ತೆ. ಕನ್ನಡ ನಿರ್ಮಾಪಕರು ಅಲ್ಲಿಗೆ ಹೋಗೋದೂ ಅದಕ್ಕೇ. ಫ್ಲೋರು, ರಸ್ತೆ, ಅರಮನೆ, ಸಾಮಾನು, ಊಟ, ಮಲಗೋ ಜಾಗ ಎಲ್ಲ ಒಂದೇ ಕಡೆ. ಜನ ಮುತ್ತೋ ಭಯ ಇಲ್ಲ, ರಸ್ತೆ ಬಂದ್ ಮಾಡಿಸೋ ತಲೆನೋವಿಲ್ಲ. ಹಿಂದೆ ನಮ್ಮ ಚಿತ್ರರಂಗ ಮದರಾಸಿನಲ್ಲಿ ಬಾಡಿಗೆಗಿತ್ತು, ಡಾ. ರಾಜ್ ಅವರೂ ಅಲ್ಲೇ ಮನೆ ಮಾಡಿದ್ದರು. ಈಗ ಹೈದರಾಬಾದಿಗೆ ಹೋಗಿ ಬಾಡಿಗೆ ಕಟ್ಟುತ್ತೇವೆ. ನಮ್ಮ ಸ್ವಂತ ಫಿಲ್ಮ್ ಸಿಟಿ ಹಿಮ್ಮಾವು, ರಾಮನಗರ, ಬೆಂಗಳೂರು ಅಂತ ಸರ್ಕಾರದಿಂದ ಸರ್ಕಾರಕ್ಕೆ ಊರು ಬದಲಿಸಿ, 2025ರ ಮಾರ್ಚ್ ಬಜೆಟ್ಟಿನಲ್ಲಿ ಮತ್ತೆ ಮೈಸೂರಿಗೇ ಬಂತು: 150 ಎಕರೆ, 500 ಕೋಟಿ. ಅಲ್ಲೊಂದು 'ಸಹಾರಾ' ಕಟ್ಟಿದ ದಿನ ಮೊದಲ ಮಂಚ ನನಗಿರಲಿ!

ಟೀ ಅಂಗಡಿಗೆ ಬರೋಣ. ಆ ಹಿರಿಯರು ಫೋಟೋ ವಾಪಸು ಕೊಡೋವಾಗ ಒಂದನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡರು. ಗಣಪತಿ ಹಬ್ಬದ ಮೆರವಣಿಗೆಯಲ್ಲಿ ಇವನು ದುರ್ಯೋಧನನ ವೇಷ ಹಾಕಿದ್ದು. ಮುಖ ನೋಡುತ್ತಿಲ್ಲ, ಎದೆಯ ಕಡೆ ನೋಡುತ್ತಿದ್ದಾರೆ.

"ಈ ಕವಚ ಯಾರು ಹೊಲದದ್ದು?"

"ನಾನೇ ಅಣ್ಣಾ."

"ಒಳಗ ಏನ್ ಕೊಟ್ಟೀ?"

"ಕ್ಯಾನ್ವಾಸು. ಮೇಲೆ ವೆಲ್ವೆಟ್ಟು. ಅಂಚಿಗೆ ಜರಿ."

"ಇಂಥಾ ಪೌರಾಣಿಕ ಬಂದ್ರ ಸೈನಿಕರಿಗೇ ಇನ್ನೂರು ಅಂಗಿ ಬೇಕಾಗ್ತಾವ. ಹೊಲಿಯೋರು ಸಿಗಂಗಿಲ್ಲ" ಅಂತ ಹೇಳಿ, ಕಾಸ್ಟ್ಯೂಮ್ ಕೆಲಸದ ಮೇಸ್ತ್ರಿಯೊಬ್ಬರ ನಂಬರು ಕೊಟ್ಟರು. "ನನ್ನ ಹೆಸರು ಹೇಳು, ಕೆಲಸ ಕೊಡ್ತಾನ."

ಹೀರೋ ಆಗೋಕೆ ಬಂದವನಿಗೆ ಹೊಲಿಗೆ ಕೆಲಸ! ನನ್ನ ಗೆಳೆಯನ ಮುಖ ಸೆಟ್ಟಿನ ಗೋಡೆ ಥರ ಆಯಿತು. ನಮಸ್ಕಾರ ಹಾಕಿದ, ಟೀ ದುಡ್ಡು ಕೊಟ್ಟ, ಮಾತೇ ಇಲ್ಲ. ರಾತ್ರಿ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತ. ನಾನೂ ಸಮಾಧಾನ ಹೇಳೋಕೆ ಹೋಗಲಿಲ್ಲ. ಸಿನಿಮಾ ಹುಚ್ಚಿಗೆ ಸಮಾಧಾನದ ಮಾತು ಕೆಲಸ ಮಾಡೋದಿಲ್ಲ.

ರಾಯಚೂರು ದಾಟಿದ ಮೇಲೆ ನನ್ನ ತೊಡೆ ತಟ್ಟಿ ಎಬ್ಬಿಸಿದ.

"ಲೇ, ಸೈನಿಕರ ಅಂಗಿಗೆ ಕ್ಯಾನ್ವಾಸ್ ಕೊಡಬಾರದು. ಬಿಸಿಲಲ್ಲಿ ಬೆವರಿಗೆ ಮೆತ್ತಗಾಗಿ ಮಡಚಿಕೊಳ್ಳುತ್ತೆ. ತೆಳುವಾದ ಫೋಮ್ ಕೊಡಬೇಕು."

"ಹಾಗಾದ್ರೆ ಫೋನ್ ಮಾಡ್ತೀಯಾ?"

"ಸುಮ್ನೆ ಹೇಳ್ದೆ" ಅಂದು ಮತ್ತೆ ಕಿಟಕಿ ಕಡೆ ತಿರುಗಿದ.

ಮೊನ್ನೆ ಅವನ ಅಂಗಡಿಗೆ ಹೋಗಿದ್ದೆ. ಉಂಗುರ ಇನ್ನೂ ಬಿಡಿಸಿಲ್ಲ. ಫೋಟೋಗಳ ಕವರು ಮಷೀನಿನ ಡ್ರಾಯರಿನಲ್ಲಿದೆ. ಮೇಸ್ತ್ರಿಯ ನಂಬರನ್ನು ಅಳತೆ ಪುಸ್ತಕದ ಹಿಂದಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆದುಕೊಂಡಿದ್ದಾನೆ.