ಆಟ ಮುಗಿದ ಮೇಲೆ ಮುಂದೇನು?

ಇಲ್ಲಿ ಕುಂಬಾರವಾಡದಲ್ಲಾಗಲಿ, ಅತ್ತ ಉಳ್ಳಾಲದಲ್ಲಾಗಲಿ, ಅಸರ್ ಕಳೆದು ಮಗ್ರಿಬ್ ತನಕ ಹುಡುಗರಿಗೆ ಚೆಂಡು ಬೇಕೇ ಬೇಕು. ಅದನ್ನು ಕಂಡ ಮನೆಯವರ ಪ್ರಶ್ನೆಯೂ ಎಲ್ಲ ಕಡೆ ಒಂದೇ: "ಇದರಿಂದ ಹೊಟ್ಟೆ ತುಂಬ್ತದಾ?" ಪ್ರಶ್ನೆ ತಪ್ಪಲ್ಲ. ಆದರೆ ಉತ್ತರ ಹುಡುಕದೆ ಚೆಂಡನ್ನೇ ಅಟ್ಟಕ್ಕೆ ಹಾಕುವುದು ಸರಿಯೆಂದು ನಮಗೆ ಅನ್ನಿಸುವುದಿಲ್ಲ. ನಮ್ಮ ರಾಜ್ಯದವರೇ ಆದ ಕಾರ್ಲ್‌ಟನ್ ಚಾಪ್‌ಮನ್ ಅವರ ಬದುಕನ್ನು ಒಮ್ಮೆ ನೋಡೋಣ.

1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಚಾಪ್‌ಮನ್ ಹತ್ತೊಂಬತ್ತರ ಹರೆಯದಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಅಲ್ಲಿಂದ ಕೋಲ್ಕತಾದ ಈಸ್ಟ್ ಬೆಂಗಾಲ್. 1993ರಲ್ಲಿ ಇರಾಕಿನ ಅಲ್ ಝವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿದಾಗ ಮೂರು ಗೋಲು ಇವರದೇ. ಬಳಿಕ ಪಂಜಾಬಿನ ಜೆಸಿಟಿ, ಅಲ್ಲಿ ವಿಜಯನ್, ಭುಟಿಯಾ ಜೊತೆ ಮೊದಲ ರಾಷ್ಟ್ರೀಯ ಲೀಗ್ ಗೆಲುವು. ಆಮೇಲೆ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. ಭಾರತ ತಂಡದ ನಾಯಕರೂ ಆಗಿದ್ದರು. 2001ರಲ್ಲಿ ಈಸ್ಟ್ ಬೆಂಗಾಲಿಗೆ ಲೀಗ್ ಗೆದ್ದುಕೊಟ್ಟು ಆಟಕ್ಕೆ ವಿದಾಯ ಹೇಳಿದರು. ಆಗ ವಯಸ್ಸು ಬರೇ ಮೂವತ್ತು!

ಮೂವತ್ತಕ್ಕೆ ಅಂಗಡಿ ಇಟ್ಟವನ ವ್ಯಾಪಾರ ಆಗಷ್ಟೇ ಕುದುರುತ್ತದೆ. ಆಟಗಾರನ ಕಸುಬು ಆ ಹೊತ್ತಿಗೆ ಮುಗಿದೇ ಹೋಗುತ್ತದೆ. ಹಿಂದೆ ಬೆಂಗಳೂರಿನ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳಲ್ಲಿ ಆಡಿದವರಿಗೆ ಆಟ ನಿಂತರೂ ನೌಕರಿ ಇರುತ್ತಿತ್ತು. ಕ್ಲಬ್ಬಿನ ಕರಾರು ಮುಗಿದವನಿಗೆ ಆ ಆಸರೆ ಇಲ್ಲ.

ಚಾಪ್‌ಮನ್ ಕೈಕಟ್ಟಿ ಕೂರಲಿಲ್ಲ. ತಾನು ಕಲಿತ ಟಾಟಾ ಅಕಾಡೆಮಿಗೇ 2002ರಲ್ಲಿ ತರಬೇತುದಾರರಾಗಿ ಹೋದರು. ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕೋಲ್ಕತಾದ ಭವಾನಿಪುರ್, 2017ರಲ್ಲಿ ಕೋಝಿಕ್ಕೋಡಿನ ಕ್ವಾರ್ಟ್ಸ್ ಕ್ಲಬ್ಬಿನ ತಾಂತ್ರಿಕ ನಿರ್ದೇಶಕ ಹುದ್ದೆ. ಆಡುವಾಗ ಹೇಗೆ ಊರೂರು ತಿರುಗಿದರೋ ಕಲಿಸುವಾಗಲೂ ಹಾಗೆಯೇ. 2020ರ ಅಕ್ಟೋಬರ್ 12ರಂದು, 49ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಆಡುವುದು ಒಂದು ಕಸುಬು, ಆಡಿಸುವುದು ಇನ್ನೊಂದು. ಚೆನ್ನಾಗಿ ಓದಬಲ್ಲವರೆಲ್ಲ ಚೆನ್ನಾಗಿ ಓದಿಸಲಾರರು, ಮದ್ರಸದಲ್ಲಿರುವ ನಮಗೆ ಇದು ಗೊತ್ತು. ಫುಟ್‌ಬಾಲ್ ಕಲಿಸಲಿಕ್ಕೂ ಈಗ ಪರೀಕ್ಷೆ, ಲೈಸೆನ್ಸ್ ಇದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಡಿ ಲೈಸೆನ್ಸಿನಿಂದ ಶುರು ಮಾಡಿ ಸಿ, ಬಿ, ಎ, ಕೊನೆಗೆ ಪ್ರೊ ತನಕ ಏರಬಹುದು. ಭಾರತಕ್ಕೆ ಆಡದವನೂ ಈ ಮೆಟ್ಟಿಲು ಹತ್ತಬಹುದು ಎಂಬುದೇ ನಮ್ಮ ಹುಡುಗರಿಗಿರುವ ಭರವಸೆ.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ: ಮಗನನ್ನು ಆಡಲು ಬಿಡಿ, ಆದರೆ ಪಿಯುಸಿ ಬಿಡಿಸಬೇಡಿ. ಆಡುವ ಯುವಕರೇ, ಕಾಲಲ್ಲಿ ಕಸುವಿರುವಾಗಲೇ ಆ ಮೊದಲ ಲೈಸೆನ್ಸ್ ಮಾಡಿಕೊಳ್ಳಿ, ಮಂಡಿ ನೋವು ಬರುವ ತನಕ ಕಾಯಬೇಡಿ. ಟೂರ್ನಮೆಂಟ್ ನಡೆಸುವ ಕಮಿಟಿಯವರಿಗೂ ಒಂದು ಮಾತು. ಆಳೆತ್ತರದ ಟ್ರೋಫಿಗೆ, ಸೌಂಡು-ಲೈಟಿಗೆ ಸುರಿಯುವ ಹಣದಲ್ಲಿ ಸ್ವಲ್ಪ ಉಳಿಸಿ ವರ್ಷಕ್ಕೆ ಒಬ್ಬ ಹುಡುಗನ ತರಬೇತಿ ಶುಲ್ಕ ಕಟ್ಟಿದರೆ ಹೇಗೆ? ಟ್ರೋಫಿ ಒಂದು ಮನೆಯ ಕಪಾಟು ಸೇರುತ್ತದೆ. ಕಲಿಸಬಲ್ಲವನೊಬ್ಬ ತಯಾರಾದರೆ ಊರಿನ ಮಕ್ಕಳೆಲ್ಲ ಕಲಿಯುತ್ತಾರೆ, ಅವನ ಮನೆಯ ಒಲೆಯೂ ಉರಿಯುತ್ತದೆ.