ನೋವಿಲ್ಲದ ಗಾಯವೇ ಅಪಾಯ

ಚಪ್ಪಲಿಯ ಮೊಳೆ ಚುಚ್ಚಿದರೆ ಯಾರಾದರೂ ತಟ್ಟನೆ ಕಾಲೆತ್ತುತ್ತಾರೆ. ಆದರೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಅಜ್ಜನಿಗೆ ಅದು ಗೊತ್ತೇ ಆಗದಿರಬಹುದು. ಸಂಜೆ ಚಪ್ಪಲಿಯಲ್ಲಿ ರಕ್ತದ ಕಲೆ ಕಂಡ ಮೇಲಷ್ಟೇ ಮನೆಯವರಿಗೆ ತಿಳಿಯುತ್ತದೆ.

ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ಪಾದದ ನರಗಳು ಸೊರಗಿ ನೋವಿನ ಅರಿವು ಹೋಗುತ್ತದೆ. ರಕ್ತನಾಳಗಳು ಕಿರಿದಾಗಿ ಪಾದಕ್ಕೆ ಸಾಕಷ್ಟು ರಕ್ತ ಹರಿಯುವುದಿಲ್ಲ. ರೋಗಾಣುಗಳನ್ನು ನುಂಗಬೇಕಾದ ಬಿಳಿ ರಕ್ತಕಣಗಳೂ ಮಂದವಾಗುತ್ತವೆ. ಹೀಗಾಗಿ ಸಣ್ಣ ಗಾಯವೊಂದು ಕೀವು ತುಂಬಿ, ಮೂಳೆಯವರೆಗೆ ಇಳಿದು, ಕೊನೆಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗಬಹುದು.

ಇದಕ್ಕೆ ಹೆದರಿ ಅಂಗಡಿಯಿಂದ ನಾಲ್ಕು ಆಂಟಿಬಯಾಟಿಕ್ ಮಾತ್ರೆ ತಂದು ನುಂಗುವವರುಂಟು. ಇದು ಸರಿಯಲ್ಲ. ತೆರೆದ ಗಾಯದ ಮೇಲೆ ಬ್ಯಾಕ್ಟೀರಿಯಾಗಳು ಇದ್ದೇ ಇರುತ್ತವೆ. ಅಷ್ಟಕ್ಕೇ ಅದು ಸೋಂಕಲ್ಲ. ಊತ, ಕೆಂಪು, ಬಿಸಿ, ನೋವು, ಕೀವು ಇವುಗಳಲ್ಲಿ ಎರಡಾದರೂ ಕಂಡಾಗ ವೈದ್ಯರು ಸೋಂಕೆಂದು ತೀರ್ಮಾನಿಸುತ್ತಾರೆ. ಸೋಂಕಿನ ಲಕ್ಷಣವಿಲ್ಲದ ಪಾದದ ಹುಣ್ಣಿಗೆ ಆಂಟಿಬಯಾಟಿಕ್ ಬೇಡವೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ.

ಸೋಂಕು ಇದ್ದರೂ ಯಾವ ಔಷಧ ಎಂಬ ಪ್ರಶ್ನೆ ಉಳಿಯುತ್ತದೆ. ಕೆಲವರ ಗಾಯದಲ್ಲಿ ಸ್ಟೆಫೈಲೋಕಾಕಸ್, ಕೆಲವರಲ್ಲಿ ಸ್ಯೂಡೊಮೊನಾಸ್, ಹಲವರಲ್ಲಿ ಎರಡು ಮೂರು ಬಗೆಯ ರೋಗಾಣುಗಳು ಒಟ್ಟಿಗೇ ಇರುತ್ತವೆ. ಒಂದನ್ನು ಕೊಲ್ಲುವ ಔಷಧ ಇನ್ನೊಂದನ್ನು ಮುಟ್ಟದಿರಬಹುದು. ಆದ್ದರಿಂದ ಗಾಯವನ್ನು ಶುಚಿಗೊಳಿಸಿ, ಆಳದಿಂದ ಅಂಗಾಂಶದ ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಬರುವವರೆಗೆ ಅಂದಾಜಿನ ಔಷಧ. ಬಂದ ಮೇಲೆ ಅಗತ್ಯವಿದ್ದರೆ ಬದಲಾವಣೆ.

ಚರ್ಮ, ಮಾಂಸದ ಸೋಂಕಿಗೆ ಸಾಮಾನ್ಯವಾಗಿ 1ರಿಂದ 2 ವಾರ ಔಷಧ ಸಾಕು. ಮೂಳೆಗೆ ತಗುಲಿ, ಅದನ್ನು ಕತ್ತರಿಸಿ ತೆಗೆಯದಿದ್ದರೆ ಸುಮಾರು 6 ವಾರ ಬೇಕು. ಊತ ಇಳಿಯಿತೆಂದು ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಬಾರದು. ಅರೆಬರೆ ಪ್ರಮಾಣದ ಔಷಧ ರೋಗಾಣುಗಳಿಗೆ ಅದನ್ನು ಎದುರಿಸುವ ಪಾಠ ಕಲಿಸುತ್ತದೆಂದು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು.

ಮಾತ್ರೆಯೊಂದೇ ಗಾಯ ಮಾಯಿಸುವುದಿಲ್ಲ ಎಂಬುದೂ ನೆನಪಿರಲಿ. ಔಷಧ ಗಾಯವನ್ನು ತಲುಪುವುದು ರಕ್ತದ ಮೂಲಕ. ಸತ್ತ ಮಾಂಸಕ್ಕೆ ರಕ್ತವಿಲ್ಲ. ಅದನ್ನೂ ಕೀವನ್ನೂ ಶಸ್ತ್ರವೈದ್ಯರೇ ತೆಗೆಯಬೇಕು. ಸಕ್ಕರೆ ಹತೋಟಿಗೆ ಬರಬೇಕು, ಗಾಯದ ಮೇಲೆ ಭಾರ ಬೀಳಬಾರದು.

ಇಲ್ಲಿ ಮಕ್ಕಳಿಗೂ ಒಂದು ಕೆಲಸವಿದೆ. ಅಜ್ಜ ಅಜ್ಜಿ ಕಣ್ಣು ಮುಚ್ಚಿಕೊಳ್ಳಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ, ಒತ್ತಬೇಡಿ, ತಟ್ಟಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶ ತಿಳಿಯದಿದ್ದರೆ ಪಾದದ ಸಂವೇದನೆ ಕುಂದಿರುವ ಸಂಭವವಿದೆ, ವೈದ್ಯರಿಗೆ ತೋರಿಸಬೇಕು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ.

ದಿನಕ್ಕೊಮ್ಮೆ ಅವರ ಅಂಗಾಲು, ಬೆರಳ ಸಂದುಗಳನ್ನು ನೋಡುವುದೂ ಒಳ್ಳೆಯದು. ಗಾಯ ಕಂಡರೆ ಕಾಫಿಪುಡಿ, ಸುಣ್ಣ ಮೆತ್ತಬಾರದು. ಬಿಸಿನೀರಿನಲ್ಲಿ ಕಾಲು ಅದ್ದಬಾರದು. ಶುದ್ಧ ನೀರಿನಿಂದ ತೊಳೆದು, ಶುಭ್ರ ಬಟ್ಟೆ ಕಟ್ಟಿ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಜ್ವರ, ದುರ್ವಾಸನೆ, ಕಪ್ಪಾಗುವಿಕೆ, ಹಬ್ಬುವ ಊತ ಇದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ನೋವಿಲ್ಲವಲ್ಲ, ನಾಳೆ ನೋಡೋಣ ಎಂಬ ಮಾತಿಗೆ ಒಂದು ಕಾಲಿನ ಬೆಲೆ ತೆರಬೇಕಾದೀತು.