ಹೆಸರಿಗೆ ರಕ್ಷಣೆ, ಗಿಡಕ್ಕೆ ಉಪೇಕ್ಷೆ

ಕೊಡಗಿನ ಕಿತ್ತಳೆಗೆ 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಹೊತ್ತಿಗಾಗಲೇ ಅದು ಇಲ್ಲಿನ ಕಾಫಿ ತೋಟಗಳಿಂದ ಬಹುಮಟ್ಟಿಗೆ ಮರೆಯಾಗಿತ್ತು. ಕಾನೂನು ಹೆಸರನ್ನು ಕಾಯುತ್ತದೆ, ಗಿಡವನ್ನು ಕಾಯುವವರಾರು?

ಈ ಅವನತಿಗೆಲ್ಲ ಗ್ರೀನಿಂಗ್ ರೋಗವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ವಾಡಿಕೆಯಾಗಿದೆ. ರೋಗವೇನೋ ನಿಜ. ಸಿಲ್ಲಿಡ್ ಎಂಬ ಪುಟ್ಟ ಕೀಟವೂ ಸೋಂಕಿರುವ ಕಸಿಗಿಡವೂ ಅದನ್ನು ಹರಡುತ್ತವೆ. ಒಮ್ಮೆ ತಗುಲಿದ ಮರಕ್ಕೆ ಮದ್ದಿಲ್ಲ. ಆದರೆ ಸತ್ತ ಮರದ ಜಾಗದಲ್ಲಿ ಮತ್ತೆ ಕಿತ್ತಳೆ ಏಳದಿರಲು ರೋಗವೊಂದೇ ಕಾರಣವಲ್ಲ. 1996ರಲ್ಲಿ ಕಾಫಿ ಮಾರಾಟ ಸಂಪೂರ್ಣ ಮುಕ್ತವಾದ ಮೇಲೆ ಕಾಫಿ, ಕರಿಮೆಣಸುಗಳ ಬೆಲೆಯೇ ತೋಟದ ಯಜಮಾನಿಕೆ ವಹಿಸಿತು. ಮೆಣಸಿನ ಬಳ್ಳಿ ಹಬ್ಬಿಸಲು ಬೇಗ ಬೆಳೆಯುವ, ಕಡಿದು ಮಾರಲು ಅಡ್ಡಿ ಕಡಿಮೆಯಿರುವ ಸಿಲ್ವರ್ ಓಕ್ ಎಲ್ಲೆಡೆ ಎದ್ದು ನಿಂತಿತು. ಕಾಫಿಯ ನಡುವೆಯೇ ಬೆಳೆದು ಕೈಖರ್ಚಿಗೆ ಒದಗುತ್ತಿದ್ದ ಹಣ್ಣು ಲೆಕ್ಕದಿಂದ ಹೊರಬಿತ್ತು.

ಇಂದು ಪ್ರವಾಸಿಗರ ಕೈಸೇರುವ ‘ಕೂರ್ಗ್ ಆರೆಂಜ್’ ಎಷ್ಟೋ ಬಾರಿ ನಾಗಪುರದ್ದು. ಅದರ ಸಿಪ್ಪೆ ಸಡಿಲ. ಕೊಡಗಿನದು ಹಸಿರು ಬೆರೆತ ಹಳದಿ, ತೊಳೆಗೆ ಅಂಟಿದ ಸಿಪ್ಪೆ, ಹುಳಿ ಸೇರಿದ ಸಿಹಿ. ಈ ವ್ಯತ್ಯಾಸ ಊರಿನ ಮಕ್ಕಳಿಗೇ ಮರೆತುಹೋಗುತ್ತಿರುವಾಗ ಮಾನ್ಯತೆಯ ಪತ್ರ ಯಾರಿಗಾಗಿ?

ಬೆಳೆಗಾರರು ನಿರಪರಾಧಿಗಳೇನಲ್ಲ. 2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮುಟ್ಟಿದಾಗಲೂ ಕಿತ್ತಳೆಯ ಮಾತೆತ್ತಿದವರು ವಿರಳ. ಒಂದೇ ಬೆಳೆಯ ಬೆಲೆ ನೆಚ್ಚಿದ ತೋಟ, ಆ ಬೆಲೆ ಕುಸಿದ ದಿನ ಏನನ್ನು ಮಾರೀತು? ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ಕೊಡಗಿನಲ್ಲೇ ಇದೆ. ರೋಗಮುಕ್ತ ಸಸಿಗಳು ಅಲ್ಲಿಂದ ಗ್ರಾಮ ಗ್ರಾಮಕ್ಕೂ ತಲುಪಲಿ. ಸೋಂಕಿತ ಮರಗಳನ್ನು ಒಬ್ಬೊಬ್ಬರಾಗಿ ಅಲ್ಲ, ಊರಿಗೆ ಊರೇ ಸೇರಿ ಒಟ್ಟಿಗೆ ತೆಗೆಯಲಿ. ನೆರೆಯ ತೋಟದಲ್ಲಿ ರೋಗ ಉಳಿದರೆ ಹೊಸ ಸಸಿ ಬದುಕದು.